ಒಂದು ಟಿಎಂಸಿಯಲ್ಲಿ ಎಷ್ಟು ಲೀಟರ್? ದೊಡ್ಡ ಸಂಖ್ಯೆಯನ್ನು ಕೈಲೆಕ್ಕದಲ್ಲೇ ಬಿಡಿಸುವ ದಾರಿ

ಮುಂಗಾರು ಶುರುವಾದರೆ ಸಾಕು, ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆ ಚಹಾದಂಗಡಿಯಲ್ಲಿ ಮೊದಲ ಮಾತು ಇದೇ: "ಡ್ಯಾಮಿಗೆ ನೀರು ಎಷ್ಟು ಬಂದೈತಿ?" ಡ್ಯಾಮು ಅಂದರೆ ತುಂಗಭದ್ರಾ, ಉತ್ತರ ಯಾವಾಗಲೂ ಟಿಎಂಸಿ ಲೆಕ್ಕದಲ್ಲಿ. ಗಂಗಾವತಿಯಲ್ಲಿ ಭತ್ತ ಹಚ್ಚುವವರಿಗೂ, ಎಡದಂಡೆ ಕಾಲುವೆಯ ಕೊನೆಭಾಗದ ರೈತರಿಗೂ ಈ ಲೆಕ್ಕ ಬಾಯಿಪಾಠ. ಒಂದು ಟಿಎಂಸಿ ಅಂದರೆ 100 ಕೋಟಿ ಘನ ಅಡಿ ಅನ್ನುವುದೂ ಹಲವರಿಗೆ ಗೊತ್ತು. ಲೀಟರಿನಲ್ಲಿ ಎಷ್ಟು ಅಂತ ಕೇಳಿದರೆ ಮಾತ್ರ "ಸುಮಾರು 2800 ಕೋಟಿ" ಎಂದು ನಿಲ್ಲಿಸುತ್ತಾರೆ.

ಇಲ್ಲಿ "ಸುಮಾರು" ಬೇಕಾಗಿಯೇ ಇಲ್ಲ. ಉತ್ತರ ಒಂದು ಪೂರ್ಣ ಸಂಖ್ಯೆ:

28,31,68,46,592

2831 ಕೋಟಿ 68 ಲಕ್ಷ 46 ಸಾವಿರದ 592 ಲೀಟರ್. ಕಡೆಗೆ ಬಿಂದುವೂ ಇಲ್ಲ, ದಶಮಾಂಶವೂ ಇಲ್ಲ. ಮೇಲ್ನೋಟಕ್ಕೆ ಯಾರೋ ಮನಸ್ಸಿಗೆ ಬಂದ ಹಾಗೆ ಬರೆದ ಅಂಕಿಗಳ ಥರ ಕಾಣುತ್ತದೆ. ಆದರೆ ಬಿಡಿಸುತ್ತಾ ಹೋದರೆ ಇದರೊಳಗೆ ಇರುವುದು ಬರೀ ಮೂರು ಅವಿಭಾಜ್ಯ ಸಂಖ್ಯೆಗಳು. ಆ ಮೂರನ್ನು ನೋಡಿದರೆ ಈ ಸಂಖ್ಯೆ ಎಲ್ಲಿಂದ ಬಂತು ಅನ್ನುವುದೂ ಗೊತ್ತಾಗುತ್ತದೆ. ಹೈಸ್ಕೂಲಿನ ಗಣಿತ ಸಾಕು. ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವರಿಗೆ ಇದೇ ಉಪಾಯಗಳು ಅಲ್ಲೂ ಕೆಲಸಕ್ಕೆ ಬರುತ್ತವೆ.

ಮೊದಲು ಬೇಕಾಗುವ ಸಾಮಾನು

ಒಂದು ಹಾಳೆ, ಪೆನ್ನು. ಸರಿ ನೋಡಿಕೊಳ್ಳಲು ಕಿರಾಣಿ ಅಂಗಡಿಯಲ್ಲಿ ಇಡುವಂಥ 12 ಅಂಕಿಯ ಕ್ಯಾಲ್ಕುಲೇಟರ್. ನಮ್ಮ ಸಂಖ್ಯೆಯಲ್ಲಿ 11 ಅಂಕಿಗಳಿವೆ, ಹಾಗಾಗಿ 8 ಅಂಕಿಯ ಚಿಕ್ಕ ಕ್ಯಾಲ್ಕುಲೇಟರಿನಲ್ಲಿ ಇದು ಹಿಡಿಯುವುದೇ ಇಲ್ಲ. 10 ಅಂಕಿ ತೋರಿಸುವ ಸೈಂಟಿಫಿಕ್ ಕ್ಯಾಲ್ಕುಲೇಟರ್ ಇನ್ನೂ ಮೋಸ: ಬಿಂದು ಹಾಕಿ, ಹತ್ತರ ಘಾತ ಬರೆದು, ಕೊನೆಯ ಅಂಕಿಯನ್ನು ನುಂಗಿಬಿಡುತ್ತದೆ. ನಮಗೆ ಮುಖ್ಯವಾಗಿ ಬೇಕಾಗಿರುವುದೇ ಆ ಕೊನೆಯ ಅಂಕಿಗಳು.

ಇನ್ನೊಂದು ಮಾತು. ಈ ಸಂಖ್ಯೆ ಬಂದದ್ದು ಹೇಗೆ? ಒಂದು ಘನ ಅಡಿಗೆ 28.316846592 ಲೀಟರ್. ಇದು ಅಂದಾಜಲ್ಲ, ಪಕ್ಕಾ ಬೆಲೆ. ಬಿಂದುವಿನ ಆಚೆ ಒಂಬತ್ತು ಅಂಕಿ. 100 ಕೋಟಿಯಲ್ಲೂ ಒಂದರ ಮುಂದೆ ಒಂಬತ್ತು ಸೊನ್ನೆ. ಗುಣಿಸಿದರೆ ಬಿಂದು ಸರಿಯಾಗಿ ಕೊನೆಗೆ ಬಂದು ಕೂರುತ್ತದೆ. ಇದು ಕಾಕತಾಳೀಯವೇ? ಈ ಪ್ರಶ್ನೆ ಸದ್ಯ ಹಾಗೇ ಇರಲಿ, ಮುಂದೆ ನೋಡೋಣ.

ಹೆಜ್ಜೆ 1: ಅರ್ಧ ಮಾಡುತ್ತಾ ಹೋಗಿ

ಸಂಖ್ಯೆ 2ರಲ್ಲಿ ಕೊನೆಯಾಗುತ್ತದೆ. ಅಂದರೆ ಸಮಸಂಖ್ಯೆ, ಮತ್ತು 5ರಿಂದ ಭಾಗವಾಗುವುದಿಲ್ಲ. 2 ಎಷ್ಟು ಸಲ ಅಡಗಿದೆ ಎಂದು ನೋಡಲು ಅರ್ಧ ಮಾಡುತ್ತಾ ಹೋಗುವುದೇ ಸುಲಭ:

14,15,84,23,296
7,07,92,11,648
3,53,96,05,824
1,76,98,02,912
88,49,01,456
44,24,50,728
22,12,25,364
11,06,12,682
5,53,06,341

ಕೊನೆಯದು ಬೆಸ. ಒಂಬತ್ತು ಸಲ ಅರ್ಧವಾಯಿತು. ಅಂದರೆ ಒಳಗೆ 2⁹ ಇದೆ, ಅದು 512.

ಇಷ್ಟು ಬರೆಯುವ ಮೊದಲೇ ಒಂದು ಅಂದಾಜು ಬೇಕಿದ್ದರೆ ಕೊನೆಯ ಮೂರು ಅಂಕಿ ನೋಡಿ. 592 ÷ 8 = 74, ಶೇಷ ಇಲ್ಲ. ಹಾಗಾಗಿ ಇಡೀ ಸಂಖ್ಯೆ 8ರಿಂದ ಭಾಗವಾಗುತ್ತದೆ. ಕೊನೆಯ ನಾಲ್ಕು ಅಂಕಿ 6592, ಅದು 16ರಿಂದ ಹೋಗುತ್ತದೆ. ಕೊನೆಯ ಐದು 46,592, ಅದು 32ರಿಂದ. ಹೀಗೆ ಎಡಕ್ಕೆ ಒಂದೊಂದು ಅಂಕಿ ಸೇರಿಸುತ್ತಾ ಪರೀಕ್ಷಿಸಬಹುದು. ಆದರೆ ನನ್ನನ್ನು ಕೇಳಿದರೆ ಅರ್ಧ ಮಾಡುವುದೇ ವಾಸಿ, ತಪ್ಪು ಬಿದ್ದರೂ ಬೇಗ ಕಣ್ಣಿಗೆ ಬೀಳುತ್ತದೆ.

ಹೆಜ್ಜೆ 2: ಮೂರರ ಲೆಕ್ಕ, ಮತ್ತು ಅಲ್ಲಿ ಎಲ್ಲರೂ ಎಡವುವ ಜಾಗ

ಉಳಿದ 5,53,06,341ರ ಅಂಕಿಗಳನ್ನು ಕೂಡಿಸಿ. 5+5+3+0+6+3+4+1 = 27. ಇದು 3ರಿಂದಲೂ ಹೋಗುತ್ತದೆ, 9ರಿಂದಲೂ ಹೋಗುತ್ತದೆ. ಹಾಗಾಗಿ ಸಂಖ್ಯೆಯೂ 3 ಮತ್ತು 9ರಿಂದ ಭಾಗವಾಗುತ್ತದೆ. ಇಲ್ಲಿಯವರೆಗೆ ಸರಿ.

ಮೊತ್ತ 27 ಬಂತು, ಅಂದಮೇಲೆ ಸಂಖ್ಯೆ 27ರಿಂದಲೂ ಭಾಗವಾಗುತ್ತದೆ ಅಂತ ಹಲವರು ಬರೆದುಬಿಡುತ್ತಾರೆ. ಇದು ತಪ್ಪು ದಾರಿ. 9981 ತಗೊಳ್ಳಿ. ಅಂಕಿಗಳ ಮೊತ್ತ 27. ಆದರೆ 27 × 369 = 9963, ಉಳಿದದ್ದು 18. ಭಾಗವಾಗಲಿಲ್ಲ, ಅಲ್ವಾ? ಅಂಕಿ ಕೂಡಿಸುವ ಉಪಾಯ 3 ಮತ್ತು 9ಕ್ಕೆ ಮಾತ್ರ.

27ಕ್ಕೆ ಬೇರೆ ಉಪಾಯ ಇದೆ. ಸಂಖ್ಯೆಯನ್ನು ಬಲಗಡೆಯಿಂದ ಮೂರು ಮೂರು ಅಂಕಿಯ ಗುಂಪು ಮಾಡಿ. ನಾವು ಲಕ್ಷ, ಕೋಟಿಗೆ ಹಾಕುವ ಅಲ್ಪವಿರಾಮ ಇಲ್ಲಿ ಅಡ್ಡ ಬರುತ್ತದೆ, ಅದನ್ನು ಮರೆತು ಹೊಸದಾಗಿ ಬರೆಯಿರಿ:

28 | 316 | 846 | 592

ಈ ಗುಂಪುಗಳನ್ನು ಕೂಡಿಸಿ: 28 + 316 + 846 + 592 = 1782. ಮೂರು ಅಂಕಿಗಿಂತ ಜಾಸ್ತಿ ಬಂತು, ಮತ್ತೆ ಅದೇ ಕೆಲಸ: 1 + 782 = 783. ಈಗ 783 = 27 × 29. ಹಾಗಾಗಿ ಪೂರ್ತಿ ಸಂಖ್ಯೆ 27ರಿಂದ ಭಾಗವಾಗುತ್ತದೆ.

ಯಾಕೆ ಹೀಗೆ? 1000ವನ್ನು 999ರಿಂದ ಭಾಗಿಸಿದರೆ ಶೇಷ 1. ಆದ್ದರಿಂದ ಸಾವಿರದ ಗುಂಪು, ಹತ್ತು ಲಕ್ಷದ ಗುಂಪು, ನೂರು ಕೋಟಿಯ ಗುಂಪು ಎಲ್ಲವೂ ಶೇಷದ ಲೆಕ್ಕದಲ್ಲಿ ಬರೀ ತಮ್ಮ ಬೆಲೆಗೇ ಇಳಿಯುತ್ತವೆ. 999 = 27 × 37. ಹಾಗಾಗಿ ಒಂದೇ ಕೂಡಿಕೆಯಲ್ಲಿ 27 ಮತ್ತು 37 ಎರಡನ್ನೂ ನೋಡಬಹುದು. 783ನ್ನು 37ರಿಂದ ಭಾಗಿಸಿದರೆ 6 ಉಳಿಯುತ್ತದೆ, ಅಂದರೆ ನಮ್ಮ ಸಂಖ್ಯೆಯಲ್ಲಿ 37 ಇಲ್ಲ.

ಈಗ ಮೂರು ಸಲ 3ರಿಂದ ಭಾಗಿಸಿ: 1,84,35,447, ಆಮೇಲೆ 61,45,149, ಆಮೇಲೆ 20,48,383. ಕೊನೆಯದರ ಅಂಕಿಗಳ ಮೊತ್ತ 28. ಇನ್ನು 3 ಇಲ್ಲ.

ಹೆಜ್ಜೆ 3: 7, 11, 13 ಒಂದೇ ಏಟಿಗೆ

ಅದೇ ಮೂರಂಕಿ ಗುಂಪುಗಳು. ಈ ಸಲ ಬಲದಿಂದ ಶುರುಮಾಡಿ ಒಂದನ್ನು ಕೂಡಿಸಿ, ಮುಂದಿನದನ್ನು ಕಳೆಯಿರಿ: 592 − 846 + 316 − 28 = 34. 1001 = 7 × 11 × 13 ಆಗಿರುವುದರಿಂದ, 7, 11, 13ರಲ್ಲಿ ಈ 34 ಯಾವುದರಿಂದ ಭಾಗವಾಗುತ್ತದೋ ಅದರಿಂದಲೇ ದೊಡ್ಡ ಸಂಖ್ಯೆಯೂ ಭಾಗವಾಗುತ್ತದೆ. 34 ಇವುಗಳಲ್ಲಿ ಯಾವುದರಿಂದಲೂ ಹೋಗುವುದಿಲ್ಲ. 7ರಿಂದ ಶೇಷ 6, 11ರಿಂದ ಶೇಷ 1, 13ರಿಂದ ಶೇಷ 8.

ಅಂದರೆ ಒಂದು ಟಿಎಂಸಿಯನ್ನು ವಾರದ ಏಳು ದಿನಕ್ಕೆ ಸಮನಾಗಿ, ಪೂರ್ಣ ಲೀಟರಿನಲ್ಲಿ ಹಂಚಿದರೆ 6 ಲೀಟರ್ ಮಿಕ್ಕುತ್ತದೆ. ತುಂಗಭದ್ರಾ ಡ್ಯಾಮಿನ 33 ಗೇಟುಗಳಿಗೆ ಹಂಚಿದರೆ 12 ಲೀಟರ್. 33 ಅಂದರೆ 3 × 11. 3ರಿಂದ ಶೇಷ ಬರಬಾರದು, 11ರಿಂದ ಶೇಷ 1 ಬರಬೇಕು. 33ಕ್ಕಿಂತ ಕಡಿಮೆ ಇರುವ, ಎರಡಕ್ಕೂ ಹೊಂದುವ ಸಂಖ್ಯೆ 12 ಒಂದೇ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಸರಪಳಿ ತುಂಡಾದಾಗ ಕೊಚ್ಚಿಹೋದ ನೀರಿನ ಮುಂದೆ ಈ 12 ಲೀಟರ್ ಲೆಕ್ಕವೇ ಅಲ್ಲ, ಆ ಮಾತು ಬೇರೆ.

ಹೆಜ್ಜೆ 4: ಉಳಿದ 20,48,383ಕ್ಕೆ ಏನು ಮಾಡುವುದು?

ಸಾಮಾನ್ಯವಾಗಿ ಇಲ್ಲಿ ಕೈಸೋಲುತ್ತದೆ. 17, 19, 23, 29 ಎಂದು ಒಂದೊಂದೇ ಅವಿಭಾಜ್ಯದಿಂದ ಭಾಗಿಸುತ್ತಾ ಕೂತರೆ ಹಾಳೆ ತುಂಬುತ್ತದೆ. ಒಂದು ನಿಮಿಷ ನಿಂತು ಇಲ್ಲಿಯವರೆಗೆ ಸಿಕ್ಕಿದ್ದನ್ನು ನೋಡಿ: 2 ಒಂಬತ್ತು ಸಲ, 3 ಮೂರು ಸಲ. ಈ 9 ಮತ್ತು 3 ಎರಡೂ ಮೂರರ ಮಗ್ಗಿಯಲ್ಲಿ ಬರುತ್ತವೆ. ಯಾವುದೇ ಸಂಖ್ಯೆ ಪೂರ್ಣ ಘನ ಆಗಿದ್ದರೆ ಅದರ ಪ್ರತಿ ಅವಿಭಾಜ್ಯವೂ 3, 6, 9 ಹೀಗೇ ಬರಬೇಕು. ಹಾಗಾದರೆ ಇದು ಘನ ಇರಬಹುದೇ? ಅನುಮಾನ ಬಂದ ಮೇಲೆ ನೋಡದೆ ಬಿಡಬಾರದು.

ಘನಮೂಲ ಊಹಿಸುವುದು ಸುಲಭ. ಘನದ ಕೊನೆಯ ಅಂಕಿ ನೋಡಿ. 2 ಇದ್ದರೆ ಮೂಲದ ಕೊನೆ 8, 8 ಇದ್ದರೆ 2. 3 ಇದ್ದರೆ 7, 7 ಇದ್ದರೆ 3. ಉಳಿದ ಅಂಕಿಗಳು ಹಾಗೇ ಉಳಿಯುತ್ತವೆ. ನಮ್ಮದು 3ರಲ್ಲಿ ಕೊನೆ, ಹಾಗಾಗಿ ಮೂಲದ ಕೊನೆ 7. ಇನ್ನು ಗಾತ್ರ: 120ರ ಘನ 17,28,000. 130ರ ಘನ 21,97,000. ನಮ್ಮ 20,48,383 ಇವೆರಡರ ನಡುವೆ ಇದೆ. 120 ಮತ್ತು 130ರ ನಡುವೆ 7ರಲ್ಲಿ ಕೊನೆಯಾಗುವುದು 127 ಮಾತ್ರ.

ಊಹೆಯನ್ನು ಹಾಗೇ ನಂಬಬೇಡಿ, ಗುಣಿಸಿ. 127 × 127 = 16,129. ಅದಕ್ಕೆ ಮತ್ತೆ 127: 20,48,383. ಸರಿಯಾಗಿ ಬಂತು.

127 ಅವಿಭಾಜ್ಯವೇ? 13ರ ವರ್ಗ 169, ಅದು 127ನ್ನು ದಾಟಿತು. ಹಾಗಾಗಿ 2, 3, 5, 7, 11 ನೋಡಿದರೆ ಸಾಕು. ಯಾವುದರಿಂದಲೂ ಹೋಗುವುದಿಲ್ಲ. ಅವಿಭಾಜ್ಯ.

ಹೀಗಾಗಿ:

28,31,68,46,592 = 2⁹ × 3³ × 127³

ಮೂಲ: 2³ × 3 × 127 = 8 × 381 = 3048. ಒಂದು ಟಿಎಂಸಿಯ ಲೀಟರ್ ಸಂಖ್ಯೆ ಅಂದರೆ 3048ರ ಘನ.

ನೇರವಾಗಿ ಹೋಗುವ ಅಡ್ಡದಾರಿಯೂ ಇದೆ. 3000ದ ಘನ 2700 ಕೋಟಿ, 3100ರ ಘನ 2979 ಕೋಟಿ 10 ಲಕ್ಷ. ಮೂಲ ಇವೆರಡರ ನಡುವೆ. ಸಂಖ್ಯೆ 512 ಮತ್ತು 27ರಿಂದ ಹೋಗುವುದರಿಂದ ಮೂಲ 8 ಮತ್ತು 3ರಿಂದ, ಅಂದರೆ 24ರಿಂದ ಹೋಗಬೇಕು. 3000, 3024, 3048, 3072, 3096. ಇವುಗಳಲ್ಲಿ 8ರಲ್ಲಿ ಕೊನೆಯಾಗುವುದು ಒಂದೇ.

ಈ 127 ಎಲ್ಲಿಂದ ಬಂತು?

ಲೆಕ್ಕದ ಕೆಲಸ ಹೆಚ್ಚುಕಮ್ಮಿ ಮುಗಿಯಿತು. ನನಗೆ ಇಷ್ಟವಾಗುವ ಭಾಗ ಇದು.

2 ಮತ್ತು 3 ಎಲ್ಲಿ ಬೇಕಾದರೂ ಸಿಗುತ್ತವೆ. 127 ಸುಮ್ನೆ ಬರುವ ಸಂಖ್ಯೆಯಲ್ಲ. ನಿಮ್ಮ ಸ್ಕೇಲಿನಲ್ಲಿ ಇಂಚಿನ ಕಡೆ ನೋಡಿ: ಒಂದು ಇಂಚು 25.4 ಮಿಲಿಮೀಟರ್. 254 = 2 × 127. ಅಲ್ಲಿಂದ ಬಂತು. 12 ಇಂಚಿನ ಅಡಿ 304.8 ಮಿಲಿಮೀಟರ್, 3048ರಲ್ಲಿ ಅದೇ 127 ಕೂತಿದೆ. 1959ರಲ್ಲಿ ಅಮೆರಿಕ, ಬ್ರಿಟನ್ ಮತ್ತಿತರ ದೇಶಗಳು ಸೇರಿ ಗಜ ಅಂದರೆ ಸರಿಯಾಗಿ 0.9144 ಮೀಟರ್ ಎಂದು ಒಪ್ಪಿಕೊಂಡವು. ಅಲ್ಲಿಗೆ ಅಡಿ 0.3048 ಮೀಟರ್ ಆಯಿತು, ಸ್ವಲ್ಪವೂ ಆಚೀಚೆ ಇಲ್ಲದ ಹಾಗೆ. ಲೀಟರಿಗೂ ಒಂದು ಕಥೆ ಇದೆ. 1901ರಿಂದ ಅದನ್ನು ಒಂದು ಕಿಲೋ ನೀರು ಹಿಡಿಯುವ ಜಾಗ ಎಂದು ಲೆಕ್ಕ ಹಾಕುತ್ತಿದ್ದರು. ಅದು ಘನ ಡೆಸಿಮೀಟರಿಗಿಂತ ಕೂದಲೆಳೆಯಷ್ಟು ದೊಡ್ಡದಿತ್ತು. 1964ರಲ್ಲಿ ಅದನ್ನು ಬಿಟ್ಟು, ಲೀಟರ್ ಅಂದರೆ ಸರಿಯಾಗಿ ಒಂದು ಘನ ಡೆಸಿಮೀಟರ್ ಎಂದು ಮಾಡಿದರು. ಈ ಎರಡೂ ಆದ ಮೇಲೆಯೇ ನಮ್ಮ ಸಂಖ್ಯೆ ದಶಮಾಂಶವಿಲ್ಲದ ಪೂರ್ಣ ಸಂಖ್ಯೆಯಾದದ್ದು.

ಈಗ ಘನ ಯಾಕೆ ಬಂತು ಎನ್ನುವುದೂ ಬಿಡಿಸಿಕೊಳ್ಳುತ್ತದೆ. ಸಾವಿರ ಅಡಿ ಉದ್ದ, ಸಾವಿರ ಅಡಿ ಅಗಲ, ಸಾವಿರ ಅಡಿ ಎತ್ತರದ ಒಂದು ತೊಟ್ಟಿ ಊಹಿಸಿಕೊಳ್ಳಿ. ಅದರಲ್ಲಿ ಹಿಡಿಯುವುದು 100 ಕೋಟಿ ಘನ ಅಡಿ, ಅಂದರೆ ಸರಿಯಾಗಿ ಒಂದು ಟಿಎಂಸಿ. ಸಾವಿರ ಅಡಿ ಅಂದರೆ 304.8 ಮೀಟರ್, ಅಂದರೆ 3048 ಡೆಸಿಮೀಟರ್. ತೊಟ್ಟಿಯ ಪ್ರತಿ ಬದಿಯಲ್ಲಿ ಒಂದು ಡೆಸಿಮೀಟರ್ ಘನದ, ಅಂದರೆ ಒಂದೊಂದು ಲೀಟರಿನ, 3048 ಡಬ್ಬಗಳನ್ನು ಜೋಡಿಸಬಹುದು. ಆಗ ಒಟ್ಟು 3048 × 3048 × 3048. ಬಿಂದು ಕೊನೆಗೇ ಬಂದು ಕೂತದ್ದು ಕಾಕತಾಳೀಯವೇ ಎಂದು ಆಗ ಕೇಳಿದ್ದೆವಲ್ಲ, ಉತ್ತರ ಇದೇ: ಸಾವಿರ ಅಡಿಯನ್ನು ಡೆಸಿಮೀಟರಿಗೆ ತಂದಾಗ ಪೂರ್ಣ ಸಂಖ್ಯೆ ಬಂದಿತ್ತು, ಅದರ ಘನವೂ ಪೂರ್ಣವೇ ಆಗಬೇಕು.

ನಮ್ಮಲ್ಲಿ ಮೆಟ್ರಿಕ್ ಕಾಯ್ದೆ ಬಂದದ್ದು 1956ರಲ್ಲಿ. ನೀರಾವರಿಯವರ ಬಾಯಲ್ಲಿ ಮಾತ್ರ ಇಂದಿಗೂ ಅಡಿ, ಕ್ಯೂಸೆಕ್, ಟಿಎಂಸಿ. ಡ್ಯಾಮಿನ ಪೂರ್ಣ ಮಟ್ಟ 1633 ಅಡಿ ಎಂದೇ ಎಲ್ಲರೂ ಹೇಳುವುದು. ಹಾಗಾಗಿ ಈ ಭಾಗದ ನೀರಿನ ಲೆಕ್ಕವನ್ನು ಲೀಟರಿಗೆ ತಂದಾಗಲೆಲ್ಲ ಒಳಗಿಂದ 127 ಇಣುಕುತ್ತಿರುತ್ತದೆ.

ಒಂದು ಎಚ್ಚರಿಕೆ. ಸಂಖ್ಯೆ ಪಕ್ಕಾ ಇದೆ ಎಂದು ನೀರೂ ಪಕ್ಕಾ ಅಳತೆಯಾಗಿದೆ ಎಂದುಕೊಳ್ಳಬೇಡಿ. ಡ್ಯಾಮಿನ ಸಾಮರ್ಥ್ಯವನ್ನು 105.788 ಟಿಎಂಸಿ ಎನ್ನುತ್ತಾರೆ. ಕಟ್ಟಿದಾಗ ಸುಮಾರು 133 ಇತ್ತು, ಹೂಳು ತುಂಬಿ ಇಷ್ಟಕ್ಕೆ ಇಳಿದಿದೆ. ಲೀಟರಿಗೆ ತಂದರೆ 2,99,558 ಕೋಟಿ ಚಿಲ್ಲರೆ, ಅಂದರೆ 3 ಲಕ್ಷ ಕೋಟಿಗೆ ತುಸು ಕಡಿಮೆ. ಇದರಲ್ಲಿ ಬಿಂದುವಿನ ಆಚೆಯ ಮೂರನೇ ಅಂಕಿ ಒಂದು ಹೆಚ್ಚುಕಮ್ಮಿಯಾದರೆ 2 ಕೋಟಿ 83 ಲಕ್ಷ ಲೀಟರ್ ಆಚೀಚೆ ಆಗುತ್ತದೆ. ಅಷ್ಟು ದೊಡ್ಡ ಅಂದಾಜಿನ ಮುಂದೆ ಕೊನೆಯ 592 ಲೀಟರ್ ಹಿಡಿದು ವಾದ ಮಾಡುವುದರಲ್ಲಿ ಅರ್ಥವಿಲ್ಲ.

ಹೆಜ್ಜೆ 5: ಅಪವರ್ತನ ಸಿಕ್ಕ ಮೇಲೆ ಏನೇನು ಹೇಳಬಹುದು

ಎಷ್ಟು ಭಾಜಕಗಳಿವೆ? ಘಾತಾಂಕಗಳಿಗೆ ಒಂದೊಂದು ಕೂಡಿಸಿ ಗುಣಿಸಿ: (9+1) × (3+1) × (3+1) = 160. ಭಾಜಕ ಮಾಡುವಾಗ 2ನ್ನು ಸೊನ್ನೆಯಿಂದ ಒಂಬತ್ತರವರೆಗೆ ಎಷ್ಟು ಸಲ ಬೇಕಾದರೂ ತಗೊಳ್ಳಬಹುದು, ಅದಕ್ಕೆ 10 ದಾರಿ. 3 ಮತ್ತು 127ಕ್ಕೆ ನಾಲ್ಕು ನಾಲ್ಕು ದಾರಿ.

ಪೂರ್ಣ ವರ್ಗವೇ? ಅಲ್ಲ. ಘಾತಾಂಕಗಳು 9, 3, 3, ಎಲ್ಲ ಬೆಸ. ವರ್ಗಮೂಲ ಹುಡುಕುವ ಶ್ರಮವೇ ಬೇಡ.

ತನ್ನನ್ನು ಬಿಟ್ಟು ಉಳಿದ ಭಾಜಕಗಳನ್ನೆಲ್ಲ ಕೂಡಿಸಿದರೆ ತನಗಿಂತ ಜಾಸ್ತಿ ಬರುತ್ತದೆಯೇ? ಇದಕ್ಕೂ ದೊಡ್ಡ ಲೆಕ್ಕ ಬೇಡ. ಸಂಖ್ಯೆ 6ರಿಂದ ಹೋಗುತ್ತದೆ. ಹಾಗಾಗಿ ಅದರ ಅರ್ಧ, ಮೂರರಲ್ಲೊಂದು, ಆರರಲ್ಲೊಂದು, ಮೂರೂ ಭಾಜಕಗಳೇ. ಈ ಮೂರನ್ನು ಕೂಡಿಸಿದರೆ ಆಗಲೇ ಪೂರ್ತಿ ಸಂಖ್ಯೆ ಬಂತು. ಇನ್ನೂ 156 ಭಾಜಕಗಳು ಬಾಕಿ ಇವೆ. ಜಾಸ್ತಿಯೇ ಆಗಬೇಕು.

ಎಷ್ಟು ಜಾಸ್ತಿ ಎಂದು ಬೇಕಿದ್ದರೆ ಪ್ರತಿ ಅವಿಭಾಜ್ಯದ ಘಾತಗಳನ್ನು ಬೇರೆಬೇರೆ ಕೂಡಿಸಿ, ಆಮೇಲೆ ಗುಣಿಸಿ. 1ರಿಂದ 512ರವರೆಗಿನ ಎರಡರ ಘಾತಗಳ ಮೊತ್ತ 1023. 1+3+9+27 = 40. 1+127+16,129+20,48,383 = 20,64,640. ಮೂರರ ಗುಣಲಬ್ಧ 84,48,50,68,800. ಇದು ಸಂಖ್ಯೆಯನ್ನೂ ಸೇರಿಸಿಕೊಂಡ ಎಲ್ಲ ಭಾಜಕಗಳ ಮೊತ್ತ. ಸಂಖ್ಯೆಯ ಮೂರು ಪಟ್ಟು 84,95,05,39,776. ಸರಿಯಾಗಿ ಮೂರು ಪಟ್ಟಾಗಲು 46 ಕೋಟಿ 54 ಲಕ್ಷ 70 ಸಾವಿರದ 976 ಕಡಿಮೆ ಬಿತ್ತು.

ಇನ್ನೊಂದು ವಿಶೇಷ. 127 ಅಂದರೆ 2⁷ − 1. ಎರಡರ ಘಾತಕ್ಕಿಂತ ಒಂದು ಕಡಿಮೆ ಇರುವ ಇಂಥ ಅವಿಭಾಜ್ಯಗಳಿಗೆ ಮರ್ಸೆನ್ ಅವಿಭಾಜ್ಯ ಎನ್ನುತ್ತಾರೆ. ಇದನ್ನು 64ರಿಂದ ಗುಣಿಸಿದರೆ 8128. ತನ್ನ ಚಿಕ್ಕ ಭಾಜಕಗಳ ಮೊತ್ತಕ್ಕೆ ಸರಿಸಮ ಇರುವ ಪರಿಪೂರ್ಣ ಸಂಖ್ಯೆಗಳಲ್ಲಿ ಇದು ನಾಲ್ಕನೆಯದು: 6, 28, 496, 8128. ನಮ್ಮ ಸಂಖ್ಯೆಯಲ್ಲಿ 64 ಮತ್ತು 127 ಎರಡೂ ಇವೆ. ಹಾಗಾಗಿ 6 ಮತ್ತು 8128 ಎರಡೂ ಅದರ ಭಾಜಕಗಳು. 28ಕ್ಕೆ 7 ಬೇಕು, 496ಕ್ಕೆ 31 ಬೇಕು. ಅವು ಇಲ್ಲ.

ನಿಮ್ಮೂರಿನ ಪಿನ್‌ಕೋಡ್ ಮೇಲೆ ಪ್ರಯತ್ನಿಸಿ

ಆರು ಅಂಕಿಯ ಪಿನ್‌ಕೋಡ್ ಈ ಮೂರಂಕಿ ಉಪಾಯಕ್ಕೆ ಹೇಳಿ ಮಾಡಿಸಿದಂತಿದೆ, ಎರಡೇ ಗುಂಪು. ಒಂದು ಸಲ ಕೂಡಿಸಿ, ಒಂದು ಸಲ ಕಳೆಯಿರಿ, ಅಷ್ಟೇ.

ಕೊಪ್ಪಳ 583231. ಕೂಡಿಸಿದರೆ 814, ಅದು 22 × 37. ಕಳೆದರೆ 352, ಅದು 32 × 11. ಅಂದರೆ 37 ಮತ್ತು 11 ಎರಡೂ ಒಳಗಿವೆ. ಭಾಗಿಸಿದರೆ 583231 = 11 × 37 × 1433.

ಗಂಗಾವತಿ 583227. ಮೊತ್ತ 810, ಅದು 27 × 30. ಹಾಗಾಗಿ 27 × 21,601. ರಾಯಚೂರು 584101. ವ್ಯತ್ಯಾಸ 483, ಅದು 7 × 69. ಹಾಗಾಗಿ 7 × 83,443. ಈ 83,443 ಅವಿಭಾಜ್ಯ. ಅದನ್ನು ಖಚಿತ ಮಾಡಲು 283ರವರೆಗಿನ ಅವಿಭಾಜ್ಯಗಳಿಂದೆಲ್ಲ ಭಾಗಿಸಬೇಕು, ಆ ಕೆಲಸವನ್ನು ಫೋನಿಗೆ ಬಿಡಿ. ಬಳ್ಳಾರಿ 583101 ಸ್ವಲ್ಪ ಹಟಮಾರಿ. ಅಂಕಿಗಳ ಮೊತ್ತ 18, ಹಾಗಾಗಿ 9 ಸಿಗುತ್ತದೆ. ಉಳಿದ 64,789ಕ್ಕೆ ಯಾವ ಅಡ್ಡದಾರಿಯೂ ಇಲ್ಲ. ಒಂದೊಂದೇ ಅವಿಭಾಜ್ಯ ನೋಡುತ್ತಾ 67ರವರೆಗೆ ಹೋಗಬೇಕು, ಆಮೇಲೆ 67 × 967.

ಸಿಂಧನೂರಿನವರ 584128 ಎಲ್ಲಕ್ಕಿಂತ ಸುಲಭ. ಅರ್ಧ ಮಾಡುತ್ತಾ ಹೋಗಿ. ಆರು ಸಲ ನಡೆಯುತ್ತದೆ, ಉಳಿಯುವ 9127 ಅವಿಭಾಜ್ಯ. ಅದಕ್ಕೆ 89ರವರೆಗೆ ನೋಡಿದರೆ ಸಾಕು, 97ರ ವರ್ಗ ಆಗಲೇ 9409.